ಕೆಂಪು ಬಳಿದ ನೆಲ

ಮರಿ ಅಡುಗೆಮನೆಯ ಬಿಳಿ ಟೈಲ್ಸಿನ ಮೇಲೆ ಉಚ್ಚೆ ಹೊಯ್ದಿತ್ತು. ಐದು ತಿಂಗಳ ನಾಯಿಮರಿ, ಮನೆಯೊಳಗೇ ಮಲಗುವ ಮುದ್ದು. ಅದು ಉಚ್ಚೆ ಹೊಯ್ಯುವುದು ಸುದ್ದಿಯೇನಲ್ಲ. ಆದರೆ ಒಲೆಯ ಮೇಲೆ ಹಾಲಿಟ್ಟು, ಒರೆಸುವ ಬಟ್ಟೆ ಹಿಡಿದು ಬಗ್ಗಿದ ಸೊಸೆ ಬಗ್ಗಿದವಳು ಹಾಗೇ ಇದ್ದುಬಿಟ್ಟಳು.

ಅವಳು ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿರಾಕಿ ತಂದ ಪರದೆಯ ಚೂರನ್ನೋ ಗೋಡೆಯ ಹಕ್ಕಳೆಯನ್ನೋ ನೋಡಿ, ಶೇಡ್ ಕಾರ್ಡಿನಲ್ಲಿ ಅದಕ್ಕೆ ಹೊಂದುವ ಬಣ್ಣ ಹುಡುಕಿ ಬೆರೆಸಿ ಕೊಡುವುದು ಒಂಬತ್ತು ವರ್ಷದಿಂದ ಅವಳ ಕೆಲಸ. ಒಬ್ಬ ಮಹಾನುಭಾವ ಬೇಯಿಸಿದ ಕ್ಯಾರೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದು, "ಮಲಗೋ ಕೋಣೆಗೆ ಇದೇ ಬೇಕು" ಅಂದಿದ್ದ. ಅದನ್ನೂ ಹೊಂದಿಸಿ ಕಳಿಸಿದ್ದಳು. ಯಾವ ಬಣ್ಣ ಕಂಡರೂ ಅವಳ ತಲೆಯಲ್ಲಿ ಅದರ ನಂಬರ್ ತಾನಾಗಿ ಬಂದು ಕೂರುತ್ತಿತ್ತು. ಈಗಲೂ ಬಂತು. ನಲವತ್ತೊಂದು. ಹಳೆ ತೇಗದ ಬಾಗಿಲಿಗೆ ಬಳಿಯುವ ಕಡು ಕಂದು.

ಉಚ್ಚೆಗೆ ಆ ನಂಬರ್ ಬರಬಾರದು.

"ಹಾಲು ಉಕ್ತಾ ಇದೆ," ಎಂದು ಅತ್ತೆ ಹಿಂದಿನಿಂದ ಬಂದು ಒಲೆ ಆರಿಸಿದರು. "ಏನು ನೋಡ್ತಾ ನಿಂತಿದ್ದೀಯ, ಚಿನ್ನ ಬಿದ್ದಿರೋ ಹಾಗೆ?"

"ಇದರ ಬಣ್ಣ ನೋಡಿ ಅತ್ತೆ."

ಅತ್ತೆ ನೋಡಿದರು. ಬೇಕಾದ್ದಕ್ಕಿಂತ ಒಂದು ಗಳಿಗೆ ಜಾಸ್ತಿಯೇ ನೋಡಿದರು. ಆಮೇಲೆ, "ಒರೆಸಿಬಿಡು. ನಿಮ್ಮ ಮಾವ ಕಂಡರೆ ನಾಯೀನ ಒಳಗೆ ಯಾಕೆ ಬಿಟ್ರಿ ಅಂತ ಪುರಾಣ ಶುರುಮಾಡ್ತಾರೆ," ಎಂದು ಲೋಟಗಳನ್ನು ಎತ್ತಿಕೊಂಡು ಹೋದರು.

ಮಾವ ಅಂಚೆ ಕಚೇರಿಯಿಂದ ನಿವೃತ್ತರಾದವರು. ಮೂವತ್ತು ವರ್ಷದಿಂದ ಹಿತ್ತಲಿನಲ್ಲಿ ಉದ್ದ ಕಿವಿಯ ಸ್ಪೇನಿಯಲ್ ನಾಯಿಗಳನ್ನು ಸಾಕಿ ಮರಿ ಮಾಡಿಸಿ ಮಾರುತ್ತ ಬಂದಿದ್ದರು. ನಾಯಿಮನೆ ಎಂದರೆ ಅವರಿಗೆ ಎರಡನೆಯ ಕಚೇರಿ. ಅದರ ನೆಲಕ್ಕೆ ಪ್ರತಿ ವರ್ಷ ತಾವೇ ಕೂತು ಕೆಂಪು ಬಣ್ಣ ಬಳಿಯುತ್ತಿದ್ದರು. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟು ಅದು ಹೊಳೆಯುತ್ತಿತ್ತು. ಈಗ ಅಲ್ಲಿ ಇದ್ದದ್ದು ಎರಡು ದೊಡ್ಡ ನಾಯಿ: ಗಂಡು ಸರದಾರ, ಹೆಣ್ಣು ದೊಡ್ಡವಳು. ಪ್ರತಿ ಮರಿಯ ಜೊತೆಗೂ ಮಾವ ತಮ್ಮ ದುಂಡು ಅಕ್ಷರದಲ್ಲಿ ಒಂದು ವಂಶಪತ್ರ ಬರೆದು ಕೊಡುತ್ತಿದ್ದರು. ಅಪ್ಪ, ಅಮ್ಮ, ತಾತ, ಮುತ್ತಾತ ಎಲ್ಲ ಅದರಲ್ಲಿ ಇರುತ್ತಿದ್ದರು. ಸ್ವಂತ ಮಗನ ಮದುವೆಯ ದಿನ ಮರೆತು ಹೆಂಡತಿಯನ್ನು ಕೇಳುವ ಮನುಷ್ಯನಿಗೆ ಸರದಾರನ ಮುತ್ತಜ್ಜಿ ಎಷ್ಟು ಹೆತ್ತಳು ಎಂಬುದು ಬಾಯಿಪಾಠ.

ಈ ಸಲ ಇವರಿಬ್ಬರಿಗೆ ಹುಟ್ಟಿದ ಆರು ಮರಿಗಳಲ್ಲಿ ಐದು ಮಾರಾಟವಾಗಿದ್ದವು. ಉಳಿದದ್ದು ಇದೊಂದು. ಎಂಟು ವರ್ಷದ ಮೊಮ್ಮಗಳು ಪುಟ್ಟಿ ಎರಡು ಹೊತ್ತು ಊಟ ಬಿಟ್ಟು, ಅತ್ತು ಕರೆದು ಉಳಿಸಿಕೊಂಡಿದ್ದಳು. ಬೆಳ್ಳಗೆ ಮೆತ್ತಗೆ ಇದೆಯೆಂದು ಹತ್ತಿ ಅಂತ ಹೆಸರಿಟ್ಟಿದ್ದಳು.

ಬೆಳಗಿನ ತಿಂಡಿಗೆ ಕೂತಾಗ ಸೊಸೆ ಮಾತೆತ್ತಿದಳು. "ಮಾವ, ಹತ್ತಿಗೆ ಮೈ ಸರಿಯಿಲ್ಲ. ಉಚ್ಚೆ ಕಂದು ಬರ್ತಿದೆ."

"ನಿನ್ನೆ ಏನು ಹಾಕಿದ್ದೆ ಅದಕ್ಕೆ? ಬೀಟ್‌ರೂಟ್ ಹಾಕಿರ್ತೀಯ."

"ಬೀಟ್‌ರೂಟ್ ಮನೆಗೆ ತಂದು ತಿಂಗಳಾಯ್ತು."

"ಹಾಗಾದ್ರೆ ನೀರು ಕಮ್ಮಿ ಇಟ್ಟಿದ್ದೀಯ. ಬಿಸಿಲು ಕಾಲ. ಮನುಷ್ಯರಿಗೂ ಹಳದಿ ಬರುತ್ತೆ." ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಹೇಳಿದರು. "ನಾಯೀನ ಮನೆಯೊಳಗೆ ಮಗು ಹಾಗೆ ಸಾಕಿದ್ರೆ ಹೀಗೇ ಆಗೋದು."

"ನಿನ್ನೆ ಸಂಜೆ ನಾನು ಚೆಂಡು ಎಸೆದೆ ತಾತ," ಎಂದಳು ಪುಟ್ಟಿ. "ಹತ್ತು ಸಲ ತಂದುಕೊಟ್ಟಿತು. ಆಮೇಲೆ ಬುಸುಬುಸು ಅಂತ ಏದುಸಿರು ಬಿಟ್ಟು ಮಲಗಿಬಿಡ್ತು. ಕರೆದ್ರೂ ಬರಲಿಲ್ಲ."

"ನೋಡಿದ್ಯಾ? ಆಟ ಜಾಸ್ತಿಯಾಗಿದೆ," ಎಂದರು ಮಾವ. ಅಲ್ಲಿಗೆ ಆ ಮಾತು ಮುಗಿಯಿತು. ಆ ಮನೆಯಲ್ಲಿ ನಾಯಿಯ ವಿಷಯಕ್ಕೆ ಕೊನೆಯ ಮಾತು ಮಾವನದೇ.

ಸೊಸೆ ಅಂಗಡಿಯಿಂದ ಒಂದು ಹಳೆ ಶೇಡ್ ಕಾರ್ಡ್ ತಂದು ಅಡುಗೆಮನೆಯ ಡಬ್ಬಗಳ ಹಿಂದೆ ಇಟ್ಟುಕೊಂಡಳು. ಹತ್ತು ದಿನ ಮರಿ ಉಚ್ಚೆ ಹೊಯ್ದಾಗಲೆಲ್ಲ ಬಗ್ಗಿ ನೋಡಿ, ಕಾರ್ಡಿನ ಆ ಬಣ್ಣದ ಪಕ್ಕ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದಳು. ಸುಮ್ಮನೆ ಮಲಗಿದ್ದ ದಿನ ಆರೋ ಏಳೋ ನಂಬರ್: ತೆಳು ಹಳದಿ. ಪಕ್ಕದ ಬೀದಿಯ ಬೆಕ್ಕು ಗೋಡೆ ಹತ್ತಿ ಕೂತು ಇದು ಅರ್ಧ ಗಂಟೆ ಬೊಗಳಿದ ದಿನ ಮೂವತ್ತೆಂಟು. ನೆಂಟರ ಮಕ್ಕಳು ಬಂದು ಓಡಾಡಿಸಿದ ಮರುದಿನ ನಲವತ್ತಮೂರು. ಅದು ಬಹುತೇಕ ಕಪ್ಪು.

"ಇದೇನು ಹೊಸ ಹುಚ್ಚು?" ಎಂದು ಗಂಡ ಕೇಳಿದ. ಅವನು ಮನೆಗಳಿಗೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್. "ನಾಯಿ ಉಚ್ಚೆಗೆ ಹೊಂದೋ ಬಣ್ಣ ಗೋಡೆಗೆ ಬಳೀತೀಯಾ?"

"ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ನಿಮ್ಮಪ್ಪನಿಗೆ ಹೇಳ್ತೀರಾ?"

"ನಾನು ದಿನಾ ಕರೆಂಟ್ ಜೊತೆ ಕೆಲಸ ಮಾಡೋನು. ಯಾವ ವೈರ್ ಮುಟ್ಟಬಾರದು ಅಂತ ಗೊತ್ತಿದೆ ನನಗೆ."

ಪ್ರಾಣಿಗಳ ಡಾಕ್ಟರಮ್ಮ ಶೇಡ್ ಕಾರ್ಡ್ ನೋಡಿ ಮೊದಲು ನಕ್ಕಳು. ಮರಿಯ ಒಸಡನ್ನು ಮೇಲೆತ್ತಿ ನೋಡಿದ ಮೇಲೆ ನಗು ನಿಲ್ಲಿಸಿದಳು. ಒಸಡು ಬಿಳಿಚಿಕೊಂಡಿತ್ತು, ಕಣ್ಣಿನ ಬಿಳಿಭಾಗಕ್ಕೆ ಹಳದಿ ತಿರುಗಿತ್ತು.

"ಓಡಿದಾಗ, ಬೊಗಳಿದಾಗ, ಸೆಕೆಯಲ್ಲಿ ಏದುಸಿರು ಬಿಟ್ಟಾಗ ಮಾತ್ರ ಹೀಗಾಗುತ್ತಾ?"

"ಹೌದು. ಗುರುತು ಹಾಕಿದ್ದೀನಲ್ಲ."

"ಇಷ್ಟು ಚೆನ್ನಾಗಿ ಯಾರೂ ಬರ್ಕೊಂಡು ಬರಲ್ಲ. ರಕ್ತ ಪರೀಕ್ಷೆಗೆ ಕಳಿಸ್ತೀನಿ. ಒಂದೆರಡು ವಾರ ಆಗುತ್ತೆ. ಅಲ್ಲಿ ತನಕ ಓಡಿಸಬೇಡಿ, ತಂಪಾಗಿ ಇಡಿ. ಇದರ ಅಣ್ಣತಮ್ಮಂದಿರು ಎಲ್ಲಿದ್ದಾರೆ?"

"ಮಾರಿಬಿಟ್ರು," ಎಂದಳು ಸೊಸೆ.

ಎಲ್ಲಿದ್ದಾರೆ ಎಂದು ಹುಡುಕಿಕೊಂಡು ಹೋಗುವ ಮೊದಲೇ ಒಬ್ಬರ ಸುದ್ದಿ ತಾನಾಗಿ ಮನೆಗೆ ಬಂತು.

ಮುಂದಿನ ಭಾನುವಾರ ಬೆಳಿಗ್ಗೆ ಶಾಲೆಯಲ್ಲಿ ಓಟ ಕಲಿಸುವ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ತೆಳ್ಳಗಿನ, ಎತ್ತರದ ಮನುಷ್ಯ. ಒಂಟಿ ಜೀವ. ಮೂರು ತಿಂಗಳ ಹಿಂದೆ ಈ ಮನೆಯಿಂದಲೇ ಹತ್ತಿಯ ಅಣ್ಣನನ್ನು ಒಯ್ದಿದ್ದರು. ಈಗ ಕೈಯಲ್ಲಿ ಬರಿಯ ಕತ್ತುಪಟ್ಟಿ ಇತ್ತು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಎಲ್ಲಿ ನಮ್ಮ ಹುಡುಗ?" ಎಂದರು ಮಾವ.

ಮೇಷ್ಟ್ರು ಕೂರಲಿಲ್ಲ. "ಹೋಗಿಬಿಟ್ಟ ಸಾರ್. ಬುಧವಾರ. ಬೆಳಿಗ್ಗೆ ನನ್ನ ಜೊತೆ ಮೈದಾನಕ್ಕೆ ಬಂದಿದ್ದ. ನಾಲ್ಕು ಸುತ್ತು ಓಡಿದ. ಖುಷಿಯಾಗಿದ್ದ. ಮಧ್ಯಾಹ್ನ ಉಚ್ಚೆ ಕಪ್ಪಗೆ ಬಂತು. ಸಂಜೆ ಜ್ವರ. ಡಾಕ್ಟರ ಹತ್ತಿರ ಒಯ್ಯೋ ಹೊತ್ತಿಗೆ..." ಕತ್ತುಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನಾನೇ ಕೊಂದೆ. ಅದನ್ನ ಹೇಳೋಕೆ ಬಂದೆ. ನೀವು ಅಷ್ಟು ಪ್ರೀತಿಯಿಂದ ಸಾಕಿ ಕೊಟ್ಟಿದ್ರಿ. ಕ್ಷಮಿಸಿಬಿಡಿ."

ಚಹಾ ತಂದ ಸೊಸೆ ತಟ್ಟೆ ಹಿಡಿದು ನಿಂತಳು. ಕಪ್ಪಗೆ ಎಂಬ ಮಾತಿಗೆ ಅವಳ ತಲೆಯಲ್ಲಿ ನಂಬರ್ ಎದ್ದು ಕೂತಿತ್ತು. ಅತ್ತೆಯ ಕಡೆ ನೋಡಿದಳು. ಅತ್ತೆ ನೆಲ ನೋಡುತ್ತಿದ್ದರು.

ಮಾವ ತಟ್ಟೆಯಿಂದ ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದರು.

"ಮೇಷ್ಟ್ರೇ, ನೀವು ಓದಿದವರು. ಎಳೆ ಮರೀನ ಬಿಸಿಲಲ್ಲಿ ನಾಲ್ಕು ಸುತ್ತು ಓಡಿಸ್ತಾರಾ? ಎದೆ ಒಡೆಯಲ್ವಾ?"

"ತಪ್ಪಾಯ್ತು ಸಾರ್."

"ನಾಯಿ ಸಾಕೋದು ಅಂದ್ರೆ ಮಗು ಸಾಕಿದ ಹಾಗೆ. ಹೋಗಲಿ ಬಿಡಿ. ದೊಡ್ಡವಳಿಗೆ ಮುಂದಿನ ವಾರ ಬೆದೆಯ ಕಾಲ. ಮುಂದಿನ ಮರಿಗಳಲ್ಲಿ ಒಂದು ನಿಮಗೆ ಇಡ್ತೀನಿ. ಆದ್ರೆ ಹೀಗೆ ಮಾಡಬೇಡಿ."

ಮೇಷ್ಟ್ರು ಎರಡೂ ಕೈ ಜೋಡಿಸಿದರು. ಮಾವ ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದರು. ಕ್ಷಮೆ ಕೊಟ್ಟವರ ಲೋಟದಲ್ಲಿ ಚಹಾ ಇನ್ನೂ ಬಿಸಿಯಿತ್ತು. ಕೇಳಿದವರ ಲೋಟ ತಟ್ಟೆಯಲ್ಲೇ ಉಳಿಯಿತು. ಕೈಯಲ್ಲಿ ರಕ್ತಪರೀಕ್ಷೆಯ ಕಾಗದವಿಲ್ಲದೆ ಬಾಯಿ ತೆರೆಯುವುದು ಹೇಗೆಂದು ಸೊಸೆ ಅಂದು ಸುಮ್ಮನಿದ್ದಳು. ಆ ಸುಮ್ಮನಿದ್ದದ್ದು ಮುಂದೆ ಬಹಳ ದಿನ ಅವಳಿಗೆ ಅನ್ನ ಇಳಿಯಗೊಡಲಿಲ್ಲ.

ಗುರುವಾರ ಕಾಗದ ಬಂತು. ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು, ಹತ್ತಿಯ ಬೆನ್ನು ಸವರುತ್ತಾ ಹೇಳಿದಳು.

"ಸಕ್ಕರೆಯನ್ನ ಶಕ್ತಿ ಮಾಡ್ಕೊಳ್ಳೋಕೆ ರಕ್ತಕ್ಕೂ ಮಾಂಸಖಂಡಕ್ಕೂ ಒಂದು ಕಿಣ್ವ ಬೇಕು. ಈ ಮರಿಗೆ ಅದು ಹುಟ್ಟಿನಿಂದಲೇ ಇಲ್ಲ. ಜೋರಾಗಿ ಏದುಸಿರು ಬಿಟ್ಟರೆ ಸಾಕು, ಕೆಂಪು ರಕ್ತಕಣ ಒಡೆದು ಉಚ್ಚೇಲಿ ಹೋಗುತ್ತೆ. ನೀವು ನೋಡಿದ ಕಂದು ಬಣ್ಣ ಅದೇ."

"ಔಷಧಿ?"

"ಇಲ್ಲ. ಆದ್ರೆ ಹುಷಾರಾಗಿ ಇಟ್ಟರೆ ಬದುಕುತ್ತೆ. ಸೆಕೆ ಬೇಡ, ಓಟ ಬೇಡ, ಬೊಗಳೋಕೆ ಬಿಡಬೇಡಿ."

"ಯಾರಿಂದ ಬಂತು ಇದು? ಅಪ್ಪನಿಂದಾನಾ, ಅಮ್ಮನಿಂದಾನಾ?"

"ಇಬ್ಬರಿಂದಲೂ. ಅಪ್ಪನ ಹತ್ತಿರ ಒಂದು ಒಳ್ಳೆ ಪಾಲು, ಒಂದು ಕೆಟ್ಟ ಪಾಲು. ಅಮ್ಮನ ಹತ್ತಿರಾನೂ ಹಾಗೇ. ಅವರಿಗೆ ಏನೂ ಆಗಲ್ಲ, ಗುಂಡುಕಲ್ಲಿನ ಹಾಗೆ ಇರ್ತಾರೆ. ಎರಡೂ ಕಡೆಯಿಂದ ಕೆಟ್ಟದ್ದೇ ಬಂದ ಮರಿಗೆ ಈ ಗತಿ. ಈ ಜೋಡಿಯನ್ನ ಮತ್ತೆ ಕೂಡಿಸಿದ್ರೆ ನಾಲ್ಕರಲ್ಲಿ ಒಂದು ಮರಿ ಹೀಗೆ ಹುಟ್ಟಬಹುದು. ಕೂಡಿಸಬೇಡಿ. ಅಷ್ಟು ಸುಲಭ ಇದನ್ನ ತಡೆಯೋದು."

ಅಷ್ಟು ಸುಲಭವಾದದ್ದನ್ನು ಆ ಸಂಜೆ ಊಟದ ಮೇಜಿನ ಮೇಲೆ ಇಟ್ಟಳು. ಮಾವ ಕನ್ನಡಕ ಹಾಕಿ, ಕಾಗದವನ್ನು ದೂರ ಹಿಡಿದು ಓದಿದರು. ಮಡಿಸಿ ಉಪ್ಪಿನ ಡಬ್ಬಿಯ ಕೆಳಗಿಟ್ಟರು.

"ಪಲ್ಯ ಬಡಿಸು," ಎಂದರು ಹೆಂಡತಿಗೆ.

"ಮಾವ, ದೊಡ್ಡವಳನ್ನ ಸರದಾರನ ಜೊತೆ ಕೂಡಿಸಬಾರದು."

"ಮೂವತ್ತು ವರ್ಷದಿಂದ ನಾಯಿ ಸಾಕ್ತಿದ್ದೀನಿ. ನೀನು ಡಬ್ಬದಲ್ಲಿ ಬಣ್ಣ ಕಲಸ್ತೀಯ. ನಾನು ಬಂದು ನಿನಗೆ ಬಣ್ಣ ಹೇಳಿಕೊಟ್ಟಿದ್ದೀನಾ?"

"ಇದು ನಾನು ಹೇಳ್ತಿರೋದಲ್ಲ. ರಕ್ತ ಹೇಳ್ತಿದೆ."

"ನಾಲ್ಕರಲ್ಲಿ ಒಂದು ಅಂತ ಅದೇ ಕಾಗದ ಹೇಳುತ್ತೆ. ಅಂದ್ರೆ ಮೂರು ಚೆನ್ನಾಗಿರುತ್ತೆ. ಮನುಷ್ಯರ ಮನೆಯಲ್ಲೂ ಎಲ್ಲಾ ಮಕ್ಕಳೂ ಪೈಲ್ವಾನರಾಗ್ತಾರಾ?"

"ಆ ಒಂದನ್ನ ತಗೊಂಡು ಹೋದವರಿಗೆ ಏನು ಹೇಳ್ತೀರಿ? ಮೇಷ್ಟ್ರಿಗೆ ಹೇಳಿದ ಹಾಗೆ, ನೀವೇ ಕೊಂದ್ರಿ ಅಂತಾನಾ?"

ಗಂಡ ತಟ್ಟೆಯಿಂದ ತಲೆ ಎತ್ತಿದ. "ನಿಧಾನ. ಅಪ್ಪನಿಗೇನು ಗೊತ್ತಿತ್ತು? ಗೊತ್ತಿಲ್ಲದೆ ಆಗಿದ್ದಕ್ಕೆ..."

"ಅದೇ ಅಲ್ವಾ," ಎಂದರು ಮಾವ. "ಯಾರಿಗೆ ಗೊತ್ತಿತ್ತು?"

ಪುಟ್ಟಿ ಹಾಲಿನ ಲೋಟ ಕೆಳಗಿಟ್ಟು, ಮೇಲ್ತುಟಿಯ ಬಿಳಿ ಮೀಸೆ ಒರೆಸಿಕೊಂಡಳು. "ತಾತನಿಗೆ ಗೊತ್ತಾಗುತ್ತೆ," ಎಂದಳು ಹೆಮ್ಮೆಯಿಂದ. "ತಾತ ಮರಿಗಳಿಗೆ ಬಟ್ಟೆ ಆಟ ಆಡಿಸ್ತಾರಲ್ಲ. ಹಗ್ಗಕ್ಕೆ ಬಟ್ಟೆ ಕಟ್ಟಿ ಎಳ್ಕೊಂಡು ಓಡ್ತಾರೆ, ಮರಿಗಳೆಲ್ಲ ಹಿಂದೆ ಓಡ್ತವೆ. ಯಾವುದು ಮೊದಲು ಕೂತ್ಕೊಳ್ಳುತ್ತೋ ಅದನ್ನ ಮೊದಲು ಮಾರಿಬಿಡೋದು. ಈ ಸಲ ಎರಡು ಕೂತ್ಕೊಂಡ್ವು. ಒಂದು ಮೇಷ್ಟ್ರಿಗೆ ಹೋಯ್ತು. ಇನ್ನೊಂದು ಹತ್ತಿ. ನಾನು ಅತ್ತುಬಿಟ್ಟೆ, ಅದಕ್ಕೇ ಉಳೀತು."

ಗಂಡ ಬಾಯಿಗೆ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ.

"ಮಕ್ಕಳ ಮಾತು," ಎಂದರು ಮಾವ. ಕೈ ತೊಳೆಯಲು ಎದ್ದರು. ತಟ್ಟೆಯಲ್ಲಿ ಪಲ್ಯ ಹಾಗೇ ಇತ್ತು. ಬಚ್ಚಲ ಬಾಗಿಲಲ್ಲಿ ತಿರುಗಿ ನಿಂತರು. "ಶನಿವಾರ ದೊಡ್ಡವಳನ್ನ ಸರದಾರನ ಹತ್ತಿರ ಬಿಡ್ತೀನಿ. ನನ್ನ ನಾಯಿ, ನನ್ನ ಹಿತ್ತಲು. ಈ ಮನೇಲಿ ಯಾರೂ ಮೇಷ್ಟ್ರ ಹತ್ತಿರ ಹೋಗಿ ಬಾಯಿ ಬಿಡೋ ಹಾಗಿಲ್ಲ."

ಮರುದಿನ ಬೆಳಿಗ್ಗೆ ಸೊಸೆ ಅತ್ತೆಯ ಹಿಂದೆ ನಾಯಿಮನೆಗೆ ಹೋದಳು. ಅದನ್ನು ತೊಳೆಯುವುದು ಮೊದಲಿನಿಂದಲೂ ಅತ್ತೆಯ ಕೆಲಸ. ಮಾವ ನೆಲಕ್ಕೆ ಬಣ್ಣ ಬಳಿಯುವವರು. ಅದರ ಮೇಲೆ ಬಿದ್ದದ್ದನ್ನು ದಿನವೂ ಬಳಿದು ಹಾಕುವವರು ಅತ್ತೆ. ಸೊಸೆ ಪೊರಕೆ ತೆಗೆದುಕೊಂಡಳು.

"ಅತ್ತೆ, ಮೊದಲೂ ಹೀಗೆ ಆಗಿತ್ತಾ?"

ಅತ್ತೆ ಬಕೆಟ್ಟಿನ ನೀರು ಚೆಲ್ಲಿದರು. "ನನಗೇನು ಗೊತ್ತು? ಈ ನೆಲದ ಮೇಲೆ ಏನು ಕಾಣುತ್ತೆ? ತೊಳೆದ ನೀರಿಗೆ ಒಮ್ಮೊಮ್ಮೆ ಕೆಂಪು ಇಳಿಯೋದು. ಕೇಳಿದ್ರೆ, ಬಣ್ಣ ಬಿಡ್ತಿದೆ ಅಂದ್ರು ನಿಮ್ಮ ಮಾವ. ಅಗ್ಗದ ಬಣ್ಣ ಅಂತ ನಿನಗೂ ಹೇಳಿದ್ದೆನಲ್ಲ, ನೀನು ಅಂಗಡಿಗೆ ಸೇರಿದ ಹೊಸದರಲ್ಲಿ."

ಹೇಳಿದ್ದರು. ಸೊಸೆಗೆ ಚೆನ್ನಾಗಿ ನೆನಪಿತ್ತು. ಹೊಸ ಕೆಲಸ, ಹೊಸ ಮನೆ. ತನ್ನ ಅಂಗಡಿಯಿಂದಲೇ ಮಾವ ತಂದಿದ್ದ ಬಣ್ಣ ಅತ್ತೆಯ ನೀರನ್ನು ಕೆಡಿಸುತ್ತಿದೆ ಎಂದು ನಾಚಿ, ಮಾಲೀಕನ ಕೈಕಾಲು ಹಿಡಿದು ಎಲ್ಲಕ್ಕಿಂತ ಒಳ್ಳೆಯ ನೆಲದ ಪೇಂಟ್ ತಂದುಕೊಟ್ಟಿದ್ದಳು. ಅಲ್ಲಿಂದ ಪ್ರತಿ ವರ್ಷ ಅದನ್ನೇ ತಂದಿದ್ದಳು. ಮಾವ ಪ್ರತಿ ಸಲವೂ ಡಬ್ಬ ತೆರೆದು, "ಇನ್ನೊಂದು ಚೂರು ಕಡು ಇರಲಿ" ಎಂದು ವಾಪಸ್ ಕಳಿಸುತ್ತಿದ್ದರು. ಅವಳು ಒಂದು ಚೂರು ಕಂದು ಹನಿಸಿ, ಕಡು ಮಾಡಿ ತಂದುಕೊಡುತ್ತಿದ್ದಳು.

ಪೊರಕೆ ಕೈಯಲ್ಲೇ ನಿಂತಿತು.

"ಅತ್ತೆ, ಆ ಪೇಂಟ್ ಒಮ್ಮೆ ಒಣಗಿದ್ರೆ ನೀರಿಗೆ ಬಿಡಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದ್ರೂ ಬಿಡಲ್ಲ."

ಅತ್ತೆ ತಿರುಗಿ ನೋಡಿದರು.

ಬಾಗಿಲ ಮೂಲೆಯಲ್ಲಿ ನಾಯಿ ಕೆರೆದು ಬಣ್ಣದ ಹಕ್ಕಳೆ ಎದ್ದಿತ್ತು. ಸೊಸೆ ಕೂತು ಅದನ್ನು ಉಗುರಿನಿಂದ ಕಿತ್ತು ಅಂಚು ತಿರುಗಿಸಿ ಹಿಡಿದಳು. ಒಂದರ ಮೇಲೊಂದು ಕೆಂಪು ಪದರ, ಒಂದಕ್ಕಿಂತ ಒಂದು ಕಡು. ಹನ್ನೆರಡಿದ್ದವು. ಮೇಲಿನ ಒಂಬತ್ತು ಅವಳೇ ಬೆರೆಸಿದ್ದು. ಅದರ ಕೆಳಗೆ ಬೋಳು ಸಿಮೆಂಟು.

"ಇದಕ್ಕೆ ಮೊದಲು ಬಣ್ಣ ಇರಲಿಲ್ಲವಾ?"

"ಇರಲಿಲ್ಲ," ಎಂದರು ಅತ್ತೆ ಮೆಲ್ಲಗೆ. "ಸರದಾರನ ತಾತನನ್ನ ತಂದ ಮೇಲೆ ಒಂದು ಸಲ ಮರಿ ನೋಡೋಕೆ ಬಂದವರು, ಇದೇನು ನೆಲದ ಮೇಲೆ ರಕ್ತ ಅಂತ ಕೇಳಿ ಹಾಗೇ ಹೊರಟುಹೋದ್ರು. ಮರುದಿನವೇ ಇವರು ಬಣ್ಣ ತಂದ್ರು. ಚೆಂದಕ್ಕೆ ಅಂದ್ಕೊಂಡೆ." ಬಕೆಟ್ಟನ್ನು ಕೆಳಗಿಟ್ಟು, ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ನೀರಿನಲ್ಲಿ ನೆಂದು ನೆಂದು ಬೆರಳ ತುದಿಗಳು ಸುಕ್ಕುಗಟ್ಟಿದ್ದವು. "ಹನ್ನೆರಡು ವರ್ಷ ತೊಳೆದೆ ನಾನು. ಬಣ್ಣ ಅಂತ ತೊಳೆದೆ."

ಸೊಸೆ ಹಕ್ಕಳೆಯನ್ನು ಜೋಪಾನವಾಗಿ ಎತ್ತಿಟ್ಟುಕೊಂಡಳು. ಗೊತ್ತಿಲ್ಲದೆ ಆದದ್ದು ಎಂಬ ಮಾತು ಎಂಥ ಸುಳ್ಳು. ಒಬ್ಬರು ಕಂಡು, ಬೇರೆಯವರಿಗೆ ಕಾಣದ ಹಾಗೆ ಮಾಡಿದ್ದರು. ಒಬ್ಬಳ ಕೈಯಲ್ಲಿ ಬಣ್ಣ ಬೆರೆಸಿಸಿ, ಇನ್ನೊಬ್ಬಳ ಕೈಯಲ್ಲಿ ತೊಳೆಸಿ, ಮೂರನೆಯವರ ಬಾಯಲ್ಲಿ ಕ್ಷಮೆ ಕೇಳಿಸಿಕೊಂಡಿದ್ದರು. ತಮ್ಮ ಕೈಯಲ್ಲಿ ಮಾತ್ರ ದುಂಡು ಅಕ್ಷರದ ವಂಶಪತ್ರ.

ಮಧ್ಯಾಹ್ನ ಮಾವ ಮಲಗಿದ್ದಾಗ ದೊಡ್ಡವಳ ಕತ್ತಿಗೆ ಹಗ್ಗ ಹಾಕಿ ಸೊಸೆ ಹೊರಟಳು. ಅತ್ತೆ ಗೇಟು ತೆಗೆದರು. ಕೀಲು ಕಿರುಗುಟ್ಟದ ಹಾಗೆ ಎತ್ತಿ ಹಿಡಿದು ತೆಗೆದರು.

ಮೇಷ್ಟ್ರ ಮನೆ ಮೈದಾನದ ಹಿಂದೆ, ಎರಡು ಕೋಣೆ, ಸುತ್ತ ಎತ್ತರದ ಗೋಡೆ. ಮೂಲೆಯಲ್ಲಿ ಮರಿಯ ಬಟ್ಟಲು ಇನ್ನೂ ಬೋರಲು ಬಿದ್ದಿತ್ತು. ಸೊಸೆ ಕಾಗದ ತೋರಿಸಿದಳು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು, ಬಟ್ಟೆ ಆಟ ಹೇಳಿದಳು, ನೆಲ ಹೇಳಿದಳು. ಭಾನುವಾರ ತಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನೂ ಹೇಳಿದಳು.

ಮೇಷ್ಟ್ರು ಕಾಗದವನ್ನು ಇನ್ನೊಮ್ಮೆ ಓದಿದರು.

"ಓಡಿಸೋಕೆ ಬೇಕು ಅಂತ ಹೇಳಿಯೇ ತಗೊಂಡಿದ್ದೆ ನಾನು," ಎಂದರು ಕೊನೆಗೆ. "ಹೊಸ್ತಿಲು ದಾಟೋ ಮೊದಲು ಹೇಳಿದ್ದೆ. 'ಇವನೇ ನಿಮಗೆ ಸರಿ' ಅಂತ ಅವರೇ ಎತ್ತಿಕೊಟ್ರು."

ಎಷ್ಟು ದಿನ ಬೇಕಾದರೂ ದೊಡ್ಡವಳು ಅಲ್ಲಿರಲಿ ಎಂದರು. ಬೋರಲು ಬಿದ್ದ ಬಟ್ಟಲನ್ನು ತೊಳೆದು ನೀರು ತುಂಬಿ ಅವಳ ಮುಂದಿಟ್ಟರು.

ಬರುವಾಗ ಸೊಸೆ ಅಂಗಡಿಗೆ ಹೋಗಿ ಎರಡು ಡಬ್ಬ ಬಿಳಿ ಪೇಂಟ್ ತಂದಳು. ಸರದಾರನನ್ನು ಹಿತ್ತಲ ಮರಕ್ಕೆ ಕಟ್ಟಿ, ಅತ್ತೆಯೂ ಸೊಸೆಯೂ ಎರಡು ಮೂಲೆಯಿಂದ ಬಳಿಯಲು ಶುರುಮಾಡಿದರು. ಕೆಂಪಿನ ಮೇಲೆ ಬಿಳಿ ಒಂದು ಸಲಕ್ಕೆ ಕೂರುವುದಿಲ್ಲ; ಮೊದಲ ಕೈಗೆ ಗುಲಾಬಿಯಾಗಿ ಕಂಡಿತು. ಎರಡನೆಯ ಕೈ ಬಳಿಯುವಾಗ ಮಾವ ಎದ್ದು ಬಂದರು.

"ಇದೇನಿದು? ದೊಡ್ಡವಳು ಎಲ್ಲಿ?"

"ಮೇಷ್ಟ್ರ ಮನೇಲಿ. ಬೆದೆ ಮುಗಿಯೋ ತನಕ ಅಲ್ಲೇ ಇರ್ತಾಳೆ."

"ಯಾರನ್ನ ಕೇಳಿ ಕಳಿಸಿದೆ?"

"ನೀವು ಯಾರನ್ನ ಕೇಳಿ ಕೆಂಪು ಬಳಿದ್ರಿ?" ಎಂದರು ಅತ್ತೆ, ಬ್ರಷ್ಷಿನಿಂದ ಕಣ್ಣೆತ್ತದೆ. ಮದುವೆಯಾದ ಮೇಲೆ ಆ ಮನೆಯಲ್ಲಿ ಮಾವನಿಗೆ ಯಾರೂ ಹಾಗೆ ಮಾತು ತಿರುಗಿಸಿ ಕೇಳಿರಲಿಲ್ಲ. ಅವರು ಒಂದು ಹೆಜ್ಜೆ ಮುಂದಿಟ್ಟರು, ಹಸಿ ಬಣ್ಣ ಕಂಡು ಹಿಂದಿಟ್ಟರು. ಬಾಗಿಲಿನಲ್ಲೇ ನಿಂತು ಮಗನನ್ನು ಕರೆದರು. ಮಗ ಬಂದ, ನೆಲ ನೋಡಿದ, ಅಪ್ಪನ ಮುಖ ನೋಡಿದ, ಹೆಂಡತಿ ತೋರಿಸಿದ ಹಕ್ಕಳೆಯ ಪದರಗಳನ್ನು ಒಂದೊಂದಾಗಿ ಎಣಿಸಿದ.

"ಹೋಗಿ ದೊಡ್ಡವಳನ್ನ ಕರ್ಕೊಂಡು ಬಾ," ಎಂದರು ಮಾವ.

"ಇಲ್ಲಪ್ಪ," ಎಂದ ಮಗ. ಅದಕ್ಕಿಂತ ಹೆಚ್ಚು ಅವನಿಂದ ಆಗಲಿಲ್ಲ. ಆದರೆ ಇನ್ನೊಂದು ಬ್ರಷ್ ಎಲ್ಲಿದೆ ಎಂದು ಕೇಳಿದ.

ಶನಿವಾರ, ಭಾನುವಾರ ಮಾವ ಊಟವನ್ನು ಕೋಣೆಗೆ ತರಿಸಿಕೊಂಡರು. ಹತ್ತಿ ಮಾತ್ರ ಅಮ್ಮನನ್ನು ಹುಡುಕಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ ಹೋಗಿ ಬೊಗಳಿತು. ಪುಟ್ಟಿ ಒದ್ದೆ ಬಟ್ಟೆ ಹಿಡಿದು ಅದರ ಪಕ್ಕ ಕೂತಳು, ಕಥೆ ಹೇಳಿದಳು, ಬಾಯಿ ಹಿಡಿದಳು. ಇದು ನನ್ನಿಂದಲೇ ಎಂದು ಸೊಸೆ ಒಳಗೊಳಗೇ ಬೆಂದಳು. ಭಾನುವಾರ ಸಂಜೆ ಮಾವ ತಾಳ್ಮೆ ಕಳೆದುಕೊಂಡು ಕೋಣೆಯಿಂದ ಬಂದರು.

"ನಾಯಿ ಇರಬೇಕಾದ ಜಾಗದಲ್ಲಿ ನಾಯಿ ಇರಬೇಕು," ಎಂದು ಮರಿಯನ್ನು ಎತ್ತಿ ಒಯ್ದು ನಾಯಿಮನೆಯಲ್ಲಿ ಬಿಟ್ಟು ಚಿಲಕ ಹಾಕಿದರು. ನೆಲ ಒಣಗಿತ್ತು. ಸೊಸೆ ಚಿಲಕಕ್ಕೆ ಕೈ ಹಾಕಲು ಹೋದಳು. ಅತ್ತೆ ಅವಳ ತೋಳು ಹಿಡಿದರು. "ಅಲ್ಲಿ ತಂಪಾಗಿದೆ. ನಾನು ಅದರ ಜೊತೆ ಕೂತಿರ್ತೀನಿ," ಎಂದು ಚಾಪೆ ತೆಗೆದುಕೊಂಡು ಹೊರಟರು.

ಸೋಮವಾರ ಬೆಳಿಗ್ಗೆ ಏಳಕ್ಕೆ ದೊಡ್ಡವಳ ಊಟದ ತಟ್ಟೆ, ಬಾಚಣಿಗೆ ಒಯ್ಯಲು ಮೇಷ್ಟ್ರು ಬಂದರು. ಸೊಸೆ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಆ ಹೊತ್ತಿಗೆ ಮಾವ ನಾಯಿಮನೆಯ ಬಾಗಿಲಲ್ಲಿ, ಅಷ್ಟು ವರ್ಷದಲ್ಲಿ ಎಂದೂ ಮುಟ್ಟದ ಬಕೆಟ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ನೀರು ತುಂಬಿತ್ತು.

ಬಿಳಿ ನೆಲದ ನಡುವೆ ಉಚ್ಚೆ ಒಂದು ಪುಟ್ಟ ಕೆರೆಯ ಹಾಗೆ ಹರಿದಿತ್ತು. ನಲವತ್ತಮೂರು. ಮುಚ್ಚಿಡಲು ಎಲ್ಲೂ ಒಂದು ಚೂರು ಕೆಂಪು ಇರಲಿಲ್ಲ. ಅದರಾಚೆ ಅತ್ತೆಯ ಮಡಿಲಲ್ಲಿ ಹತ್ತಿ ಮಲಗಿತ್ತು. ಕಣ್ಣು ತೆರೆದಿತ್ತು, ಬಾಲ ಒಂದು ಸಲ ಆಡಿತು.

"ತೊಳೀಬೇಡಿ ಮಾವ," ಎಂದಳು ಸೊಸೆ. "ಅವರು ನೋಡ್ಲಿ."

ಮೇಷ್ಟ್ರು ಮಂಡಿಯೂರಿ ಕೂತು ನೋಡಿದರು. ತಮ್ಮ ಮರಿಯದನ್ನು ನೋಡಿದ್ದವರು. ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ನಿಂತಾಗ ಅವರ ದನಿ ಏರಿರಲಿಲ್ಲ.

"ನಾನು ಅವತ್ತು ಕ್ಷಮೆ ಕೇಳಿದಾಗ ನೀವು ಚಹಾ ಕುಡೀತಿದ್ರಿ ಸಾರ್."

"ಬಿಸಿಲೂ ಇತ್ತು ಅವತ್ತು," ಎಂದರು ಮಾವ. "ನಾಲ್ಕು ಸುತ್ತು..."

"ನಾನು ಕೇಳಿದ ಆ ಕ್ಷಮೆ ನನಗೆ ವಾಪಸ್ ಬೇಕು. ಅದನ್ನ ಕೇಳಬೇಕಾದವರು ನೀವು."

ಮಾವ ಮಗನ ಕಡೆ ನೋಡಿದರು. ಮಗ ನೆಲ ನೋಡುತ್ತಿದ್ದ. ಪುಟ್ಟಿಯ ಕಡೆ ನೋಡಿದರು. ಬಾಗಿಲಿಗೆ ಒರಗಿ ನಿಂತ ಪುಟ್ಟಿ ತಾತನ ಮುಖವನ್ನೇ, ಕಣ್ಣು ಮಿಟುಕಿಸದೆ, ಬಟ್ಟೆ ಆಟದಲ್ಲಿ ಯಾವ ಮರಿ ಕೂರುತ್ತದೆಂದು ಕಾಯುವವಳ ಹಾಗೆ ನೋಡುತ್ತಿದ್ದಳು. ಅವರು ತಮಗೆ ಗೊತ್ತಿದ್ದ ಒಂದೇ ಕೆಲಸಕ್ಕೆ, ಮುಚ್ಚಿಹಾಕುವುದಕ್ಕೆ, ಬಗ್ಗಿದರು: ಬಕೆಟ್ಟನ್ನು ಓರೆ ಮಾಡಹೋದರು.

ಅತ್ತೆ ಮರಿಯನ್ನು ಸೊಸೆಯ ಕೈಗೆ ಕೊಟ್ಟು ಎದ್ದು ಬಂದರು. ಗಂಡನ ಕೈಯಿಂದ ಬಕೆಟ್ಟನ್ನು ತೆಗೆದುಕೊಂಡರು, ಹಿತ್ತಲಿಗೆ ಹೋಗಿ ತುಂಬಿದ ನೀರನ್ನೆಲ್ಲ ಮರದ ಬುಡಕ್ಕೆ ಸುರಿದರು. ಖಾಲಿ ಬಕೆಟ್ಟನ್ನು ಬಾಗಿಲ ಪಕ್ಕ ಬೋರಲು ಹಾಕಿ, ಅದರ ಮೇಲೆ ಕೂತರು.

"ಇವತ್ತು ಈ ನೆಲ ಯಾರೂ ತೊಳೆಯೋ ಹಾಗಿಲ್ಲ," ಎಂದರು. "ಮೇಷ್ಟ್ರು ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ."